ಏನಂತ ಬೈದರು?

ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಕಡೆ ಒಂದು ಸಣ್ಣ ಚಾರಿಟಿಯಲ್ಲಿ ಐದು ವರ್ಷದಿಂದ ವಾಲಂಟಿಯರ್ ಆಗಿದ್ದೇನೆ. ಯಹೂದಿಗಳ ಮೇಲಿನ ದ್ವೇಷದ ವಿರುದ್ಧ ಅದರ ಕೆಲಸ. ನಾನು ಮಂಡ್ಯದವನು, ಯಹೂದಿಯಲ್ಲ, ಪಕ್ಕದ ಮನೆಯವರು ಕರೆದರು ಅಂತ ಸುಮ್ನೆ ಹೋದವನು. ಬ್ಯಾನರ್, ಮೆರವಣಿಗೆ ಇರುತ್ತೆ ಅಂದುಕೊಂಡಿದ್ದೆ. ಕೈಗೆ ಕೊಟ್ಟಿದ್ದು ದ್ವೇಷದ ಘಟನೆಗಳನ್ನು ದಾಖಲಿಸೋ ಒಂದು ಫಾರ್ಮು.

ಮೊದಲ ಫಾರ್ಮಿನಲ್ಲಿ 'ಬಸ್ ಸ್ಟಾಪಿನಲ್ಲಿ ಹುಡುಗನಿಗೆ ಕೆಟ್ಟದಾಗಿ ಬೈದರು' ಅಂತ ಬರೆದೆ. ಅದು ವಾಪಸ್ ಬಂತು. ಏನಂತ ಬೈದರು? ಎಷ್ಟು ಗಂಟೆಗೆ? ಅವನ ತಲೆ ಮೇಲೆ ಯಹೂದಿಗಳು ಹಾಕೋ ಕಿಪ್ಪಾ ಟೋಪಿ ಇತ್ತಾ? ನನಗೆ ಬರೆಯೋಕೇ ನಾಚಿಕೆಯಾಗಿತ್ತು, ಅದಕ್ಕೇ ಮಾತನ್ನು ನುಂಗಿಬಿಟ್ಟಿದ್ದೆ. ಆದರೆ ಆ ಮಾತಿನಲ್ಲೇ ಎಲ್ಲಾ ಇರೋದು. ಇಸ್ರೇಲ್ ಸರ್ಕಾರವನ್ನು ಟೀಕಿಸಿದರೆ ಅಷ್ಟಕ್ಕೇ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ಗಾಜಾದ ಸಿಟ್ಟನ್ನು ಕಿಪ್ಪಾ ಹಾಕಿದ ಶಾಲಾ ಹುಡುಗನ ಮೇಲೆ ತೀರಿಸಿಕೊಂಡರೆ ತಗೊಳ್ಳುತ್ತೇವೆ. ಈ ಗೆರೆ ಬಿಗಿಯಾಗಿಲ್ಲದಿದ್ದರೆ ನಮ್ಮ ಅಂಕಿಗಳನ್ನು ಯಾರು ನಂಬುತ್ತಾರೆ ಹೇಳಿ?

ಇಲ್ಲಿನ ದೊಡ್ಡ ಸಂಸ್ಥೆ ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್. 1984ರಿಂದ ಇಂಥ ಘಟನೆಗಳ ದಾಖಲೆ ಅವರ ಹತ್ತಿರ ಇದೆ. 2023ರಲ್ಲಿ 4,000ಕ್ಕೂ ಜಾಸ್ತಿ ಬಂದವು, ಅದರಲ್ಲಿ ಮೂರರಲ್ಲಿ ಎರಡು ಪಾಲು ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ ಅಕ್ಟೋಬರ್ 7 ಮತ್ತು ಆಮೇಲಿನವು. ಆ ಚಳಿಗಾಲದಲ್ಲಿ ನಮ್ಮ ಫೋನ್ ಇಟ್ಟ ತಕ್ಷಣ ಮತ್ತೆ ಹೊಡೆದುಕೊಳ್ಳುತ್ತಿತ್ತು.

ಆಗಲೇ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದು. ಯಹೂದಿಗಳ ಮನೆಯ ಬಾಗಿಲ ಚೌಕಟ್ಟಿನ ಬಲಗಡೆ ಓರೆಯಾಗಿ ಬೆರಳುದ್ದದ ಡಬ್ಬಿ ಹೊಡೆದಿರುತ್ತಾರೆ, ಒಳಗೆ ಅವರ ಧರ್ಮಗ್ರಂಥ ತೋರಾದ ಸಾಲು ಬರೆದ ಸುರುಳಿ. ಅದಕ್ಕೆ ಮೆಜುಜಾ ಅಂತಾರೆ. ನಮ್ಮ ತೋರಣದ ಹಾಗೆ, ನೋಡಿದ ಕೂಡಲೇ ಯಾರ ಮನೆ ಅಂತ ಗೊತ್ತಾಗುತ್ತೆ, ತೊಂದರೆ ಆಗಿದ್ದೂ ಅದರಿಂದಲೇ. ಅಜ್ಜಿ ಮನೆಯದನ್ನು ಯಾರೋ ರಾತ್ರಿ ಕಿತ್ತುಕೊಂಡು ಹೋಗಿದ್ದರು. ಎರಡು ಸ್ಕ್ರೂ ತೂತು, ಮಧ್ಯೆ ಮಾಸದ ಹಳೇ ನೀಲಿ ಬಣ್ಣ.

"ಬಿಡಪ್ಪಾ, ಪೊಲೀಸರಿಗೆಲ್ಲ ಯಾಕೆ" ಅಂದರು. ನಾನು ಒತ್ತಾಯ ಮಾಡಲಿಲ್ಲ, ಮಾಡಬಾರದು ಕೂಡ. ಹೆಸರಿಲ್ಲದೆ ದಾಖಲಿಸಬಹುದು ಅಂದೆ. ಟೀ ಮುಗಿಯೋವರೆಗೆ ಯೋಚಿಸಿ, ಕನ್ನಡಕ ಒರೆಸಿಕೊಂಡು, ಪೊಲೀಸರಿಗೂ ತಿಳಿಸಿ ಅಂತ ತಾವೇ ಟಿಕ್ ಹಾಕಿದರು.

ಮುಂದಿನ ವಾರ ಹೊಸದು ಹೊಡೆಯುವಾಗ ಸ್ಟೂಲು ಹಿಡಿದುಕೊಂಡು ನಿಂತಿದ್ದೆ. ಹಳೇ ತೂತಿನಲ್ಲಿ ಸ್ಕ್ರೂ ಕೂರಲಿಲ್ಲ. ಅರ್ಧ ಇಂಚು ಮೇಲೆ ಹೊಡೆದರು.