ಐ ಆಮ್ ಡಿಫಿಕಲ್ಟ್ ಟು ಕಮ್: ಇಂಗ್ಲಿಷ್ ಗುಣವಾಚಕಗಳ ಬಾಲ ಹಿಡಿದ ನನ್ನ ಅನುಭವ

ನಾನು ಕನ್ನಡದಿಂದ ಇಂಗ್ಲಿಷ್‌ಗೆ ಅನುವಾದ ಮಾಡೋ ಕೆಲಸದಲ್ಲಿದ್ದೀನಿ. ಶುರು ಮಾಡಿದ ಹೊಸದರಲ್ಲಿ ಒಬ್ರು ಎಡಿಟರ್‌ಗೆ ಮೇಲ್ ಹಾಕ್ಬೇಕಿತ್ತು, ಶುಕ್ರವಾರದ ಮೀಟಿಂಗ್‌ಗೆ ಬರೋದು ನಂಗೆ ಕಷ್ಟ ಅಂತ, ಅಷ್ಟೇ ವಿಷಯ. ನಾನು ಬರೆದಿದ್ದು "ಐ ಆಮ್ ಡಿಫಿಕಲ್ಟ್ ಟು ಕಮ್ ಆನ್ ಫ್ರೈಡೇ". ಅವ್ರು ವಾಪಸ್ ಬರೆದ್ರು, ನೀವು ಅಷ್ಟೇನೂ ಕಷ್ಟದ ಮನುಷ್ಯ ಅನ್ಸಲ್ಲ ಬಿಡಿ ಅಂತ. ಜೋಕು ಅರ್ಥ ಆಗೋಕೆ ನಂಗೆ ಅರ್ಧ ದಿನ ಬೇಕಾಯ್ತು. ಇಂಗ್ಲಿಷ್‌ನಲ್ಲಿ ಐ ಆಮ್ ಡಿಫಿಕಲ್ಟ್ ಅಂದ್ರೆ ನಾನು ಹಟಮಾರಿ, ನನ್ನ ಜೊತೆ ಏಗೋದು ಕಷ್ಟ ಅಂತ ಅರ್ಥ. ಅದೇ ವಾರ ಇನ್ನೊಬ್ರಿಗೆ "ವೆನೆವರ್ ಯು ಆರ್ ಕನ್ವೀನಿಯೆಂಟ್" ಅಂತನೂ ಬರೆದಿದ್ದೆ, ಅದನ್ನ ಯಾರೂ ತಿದ್ಲಿಲ್ಲ, ಪಾಪ.

ಯಾಕೆ ಹೀಗಾಗುತ್ತೆ ಅಂತ ಕೂತು ಯೋಚನೆ ಮಾಡಿದ್ರೆ ತಪ್ಪು ಇಂಗ್ಲಿಷ್ ಕಡೆಯಿಂದ ಬಂದಿದ್ದಲ್ಲ, ಕನ್ನಡ ಕಡೆಯಿಂದ ಬಂದಿದ್ದು. ನಾವು ನನಗೆ ಕಷ್ಟ, ನಿಮಗೆ ಅನುಕೂಲ, ಅವಳಿಗೆ ಭಯ ಅಂತೀವಿ, ಎಲ್ಲಾ ಚತುರ್ಥಿ ವಿಭಕ್ತಿ, ಆ "ಗೆ" ಹತ್ಕೊಂಡಿರೋ ಮನುಷ್ಯನೇ ವಾಕ್ಯಕ್ಕೆ ಯಜಮಾನ ಅಂತ ತಲೆ ಅಂದ್ಕೊಂಡುಬಿಡುತ್ತೆ, ಇಂಗ್ಲಿಷ್‌ಗೆ ಹೋದ ತಕ್ಷಣ ಅವನನ್ನ ತಗೊಂಡೋಗಿ "ಐ" ಜಾಗದಲ್ಲಿ ಕೂರಿಸುತ್ತೆ. ಭಯದ ವಿಷಯದಲ್ಲಿ ಇದು ನಡಿಯುತ್ತೆ, ಶಿ ಈಸ್ ಅಫ್ರೇಡ್ ಸರಿ. ಕಷ್ಟ, ಅನುಕೂಲ, ಸಾಧ್ಯ ಇವುಗಳಲ್ಲಿ ನಡಿಯಲ್ಲ. ಅಲ್ಲಿ ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ ಟು ಕಮ್ ಅನ್ಬೇಕು, ನಮ್ಮ "ಗೆ" ಹೋಗಿ "ಫಾರ್" ಒಳಗೆ ಕೂರುತ್ತೆ. "ಅವನು ಬರೋ ಸಾಧ್ಯತೆ ಇದೆ" ಅನ್ನೋದಕ್ಕೆ ಹಿ ಈಸ್ ಪಾಸಿಬಲ್ ಟು ಕಮ್ ಅಂತ ನಾನು ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ, ಅಲ್ಲಿ ಬೇಕಾಗಿರೋದು ಹಿ ಈಸ್ ಲೈಕ್ಲಿ ಟು ಕಮ್. ಲೈಕ್ಲಿ ಮನುಷ್ಯನನ್ನ ಮುಂದೆ ಕೂರಿಸ್ಕೊಳ್ಳುತ್ತೆ, ಪಾಸಿಬಲ್ ಕೂರಿಸ್ಕೊಳ್ಳಲ್ಲ.

ಮೊದಲು ಎಲ್ರೂ ಮಾಡೋದನ್ನೇ ನಾನೂ ಮಾಡ್ದೆ, ಯಾವ ಗುಣವಾಚಕದ ಹಿಂದೆ ಯಾವ ಬಾಲ, ಅಂದ್ರೆ ಅಟ್, ಆಫ್, ಟು ಥರದ ಪುಟ್ಟ ಪದ, ಬರುತ್ತೆ ಅನ್ನೋ ಉದ್ದ ಪಟ್ಟಿ ಇಟ್ಕೊಂಡು ಗುಡ್ ಅಟ್, ಫಾಂಡ್ ಆಫ್, ಪ್ರೌಡ್ ಆಫ್, ಮ್ಯಾರೀಡ್ ಟು ಅಂತ ಬಾಯಿಪಾಠ. ಮೂರು ವಾರ. ಪಟ್ಟಿ ನೋಡ್ಕೊಂಡು ಹೇಳೋವಾಗ ಎಲ್ಲಾ ಬರುತ್ತೆ, ಬರೆಯೋವಾಗ ಮತ್ತೆ ಆಂಗ್ರಿ ಆನ್ ಮಿ. ಯಾಕಂದ್ರೆ ಕೈ ಬರೀತಿರೋದು "ನನ್ನ ಮೇಲೆ ಕೋಪ"ನ, ಪಟ್ಟಿಯನ್ನಲ್ಲ. ಆಮೇಲೆ ಪಟ್ಟಿ ಬಿಟ್ಟು ನನ್ನದೇ ತಪ್ಪುಗಳನ್ನ ಒಂದು ನೋಟ್‌ಬುಕ್‌ನಲ್ಲಿ ಬರೆಯೋಕೆ ಶುರು ಮಾಡ್ದೆ. ಎಡಗಡೆ ಕನ್ನಡದ ವಾಕ್ಯ, ಅದರಲ್ಲಿ ವಿಭಕ್ತಿಗೆ ಗೆರೆ, ಬಲಗಡೆ ಸರಿಯಾದ ಇಂಗ್ಲಿಷ್ ಪೂರ್ತಿ ವಾಕ್ಯ. "ಮೇಲೆ ಕೋಪ", ಆಂಗ್ರಿ ವಿತ್. "ಲೆಕ್ಕದಲ್ಲಿ ಹುಷಾರು", ಗುಡ್ ಅಟ್. "ಅವಳ ಬಗ್ಗೆ ಹೆಮ್ಮೆ", ಪ್ರೌಡ್ ಆಫ್. ಹೀಗೆ ಕನ್ನಡದ ಕಡೆಯಿಂದ ಹುಡುಕಿದ್ರೆ ಗಂಡಾಂತರ ಎಲ್ಲಿದೆ ಅಂತ ಮೊದಲೇ ಗೊತ್ತಾಗುತ್ತೆ.

ಆದ್ರೆ ನನ್ನನ್ನ ನಿಜವಾಗ್ಲೂ ನಿಲ್ಲಿಸಿ ಯೋಚನೆ ಮಾಡ್ಸಿದ್ದು ಶ್ಯೂರ್ ಅನ್ನೋ ಪದ. ಒಬ್ಬ ಹುಡುಗಿಗೆ ಕೊಟ್ಟಿದ್ದ ಶಿಫಾರಸು ಪತ್ರ ಅನುವಾದ ಮಾಡ್ತಿದ್ದೆ, ಮೂಲದಲ್ಲಿ "ಗೆದ್ದೇ ಗೆಲ್ತೀನಿ ಅನ್ನೋ ಧೈರ್ಯ ಅವಳಿಗಿದೆ" ಅಂತಿತ್ತು, ನಾನು ಶಿ ಈಸ್ ಶ್ಯೂರ್ ಟು ವಿನ್ ಅಂತ ಹಾಕ್ದೆ. ಎಡಿಟರ್ ಪಕ್ಕದಲ್ಲಿ ಬರೆದಿದ್ರು: ಯಾರು ಶ್ಯೂರ್, ಅವಳೋ ಬರೆದವರೋ? ಹೌದಲ್ವಾ. ಶ್ಯೂರ್ ಟು ವಿನ್ ಅಂದ್ರೆ ಅವಳು ಗೆಲ್ಲೋದು ಖಂಡಿತ ಅಂತ ಹೇಳ್ತಿರೋರ ನಂಬಿಕೆ, ಅವಳಿಗೆ ಆ ನಂಬಿಕೆ ಇರದೇ ಇರಬಹುದು. ಶ್ಯೂರ್ ಆಫ್ ವಿನ್ನಿಂಗ್ ಅಂದ್ರೆ ನಂಬಿಕೆ ಅವಳದು, ಸೋತರೂ ಸೋಲಬಹುದು. ಗುಣವಾಚಕ ಅದೇ, ಬಾಲ ಬದಲಾದ ತಕ್ಷಣ ಧೈರ್ಯ ಒಬ್ಬರಿಂದ ಇನ್ನೊಬ್ಬರಿಗೆ ಹೋಯ್ತು. ಅಲ್ಲಿವರೆಗೂ ಟು ಹಾಕೋದು, ಆಫ್ ಹಾಕೋದು ಬರೀ ರೂಢಿ, ಕಿವಿಗೆ ಚೆನ್ನಾಗಿ ಕೇಳಿಸಿದ್ರೆ ಸಾಕು ಅಂದ್ಕೊಂಡಿದ್ದೆ.

ಅಫ್ರೇಡ್ ಕೂಡ ಇದೇ ಜಾತಿ. ಶಿ ವಾಸ್ ಅಫ್ರೇಡ್ ಟು ಜಂಪ್ ಬಿಕಾಸ್ ಶಿ ವಾಸ್ ಅಫ್ರೇಡ್ ಆಫ್ ಫಾಲಿಂಗ್. ಹಾರೋದು ಅವಳ ಕೈಲಿರೋ ಕೆಲಸ, ಮನಸ್ಸು ಬರ್ತಿಲ್ಲ, ಅದಕ್ಕೆ ಟು. ಬೀಳೋದು ಅವಳು ಬೇಕಂತ ಮಾಡೋದಲ್ಲ, ತಾನಾಗೇ ಆಗಿಬಿಡುತ್ತೇನೋ ಅನ್ನೋ ದಿಗಿಲು, ಅದಕ್ಕೆ ಆಫ್. ಕನ್ನಡದಲ್ಲೂ ನೋಡಿ, "ಹಾರೋಕೆ ಭಯ" ಅಂತೀವಿ, ಆದ್ರೆ "ಬೀಳೋಕೆ ಭಯ" ಅಂತ ಯಾರೂ ಅನ್ನಲ್ಲ, "ಬಿದ್ದುಬಿಡ್ತೀನೇನೋ ಅಂತ ಭಯ" ಅಂತೀವಿ. ಇಲ್ಲಿಂದ ನಂಗೊಂದು ಉಪಾಯ ಸಿಕ್ತು. ಬರೆದ ಇಂಗ್ಲಿಷ್ ವಾಕ್ಯನ ವಾಪಸ್ ಆಡುಗನ್ನಡಕ್ಕೆ ತಿರುಗಿಸಿ ನೋಡೋದು. ನಮ್ಮ ವಿಭಕ್ತಿ ಯಾರು ಮಾಡೋರು, ಯಾರಿಗೆ ಮಾಡೋದು ಅಂತ ಬಾಯಿಬಿಟ್ಟು ಹೇಳುತ್ತೆ, ಇಂಗ್ಲಿಷ್ ಅದನ್ನ ಮುಚ್ಚಿಡುತ್ತೆ.

ಈ ಮುಚ್ಚಿಡೋದಕ್ಕೆ ಭಾಷಾಶಾಸ್ತ್ರದಲ್ಲಿ ಒಂದು ಫೇಮಸ್ ಜೋಡಿ ಇದೆ, ಅಮೆರಿಕದ ಭಾಷಾಶಾಸ್ತ್ರಜ್ಞ ನೋಮ್ ಚಾಮ್‌ಸ್ಕಿ 1960ರ ದಶಕದಲ್ಲಿ ಬಳಸಿದ್ದು: ಜಾನ್ ಈಸ್ ಈಸಿ ಟು ಪ್ಲೀಸ್, ಜಾನ್ ಈಸ್ ಈಗರ್ ಟು ಪ್ಲೀಸ್. ನೋಡೋಕೆ ಅವಳಿ ಜವಳಿ. ಕನ್ನಡ ಮಾಡಿ ನೋಡಿ, ಮೊದಲನೇದು "ಜಾನ್‌ನ ಖುಷಿಪಡಿಸೋದು ಸುಲಭ", ಎರಡನೇದು "ಜಾನ್‌ಗೆ ಬೇರೆಯವರನ್ನ ಖುಷಿಪಡಿಸೋ ತವಕ". ಒಂದರಲ್ಲಿ ಅವನು ಕರ್ಮ, ಇನ್ನೊಂದರಲ್ಲಿ ಕರ್ತೃ. ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ಇದು ಸಲೀಸಲ್ಲ ಅನ್ನೋದು ಗೊತ್ತಾದಾಗ ನಂಗೆ ಭಾರಿ ಸಮಾಧಾನ ಆಯ್ತು. ಭಾಷಾಶಾಸ್ತ್ರಜ್ಞೆ ಕ್ಯಾರೊಲ್ ಚಾಮ್‌ಸ್ಕಿ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5ರಿಂದ 10 ವಯಸ್ಸಿನ ಮಕ್ಕಳ ಮುಂದೆ ಕಣ್ಣಿಗೆ ಬಟ್ಟೆ ಕಟ್ಟಿದ ಗೊಂಬೆ ಇಟ್ಟು, ಈ ಗೊಂಬೆ ಈಸಿ ಟು ಸೀನಾ ಹಾರ್ಡ್ ಟು ಸೀನಾ ಅಂತ ಕೇಳಿದ್ರು. ಗೊಂಬೆ ಎದುರಿಗೇ ಇದೆ, ಚೆನ್ನಾಗಿ ಕಾಣ್ತಿದೆ, ಆದ್ರೂ ಚಿಕ್ಕ ಮಕ್ಕಳಲ್ಲಿ ಸುಮಾರು ಜನ ಹಾರ್ಡ್ ಅಂದ್ರು, ಗೊಂಬೆಗೆ ಕಣ್ಣು ಕಾಣಲ್ವಲ್ಲ ಅಂತ!

ಕನ್ನಡ ಕೈ ಕೊಡೋ ಜಾಗ ಇನ್ನೊಂದಿದೆ, ಇಲ್ಲಿ ನಂಗೆ ತುಂಬಾ ಮಾರ್ಕ್ಸ್ ಹೋಗಿದೆ ಅಂತಲೇ ಅನ್ನಿ. "ಈ ಚೇರ್ ಕೂರೋಕೆ ಚೆನ್ನಾಗಿದೆ", "ಈ ಪೆನ್ನು ಬರೆಯೋಕೆ ಚೆನ್ನಾಗಿದೆ". ಕ್ರಿಯಾಪದದ ಕೊನೇಲಿ "ಓಕೆ" ಸೇರಿಸಿದ್ರೆ ಮುಗೀತು ನಮಗೆ. ಇಂಗ್ಲಿಷ್‌ನಲ್ಲಿ ಕಂಫರ್ಟಬಲ್ ಟು ಸಿಟ್ ಅಂತ ನಿಲ್ಲಿಸಿದ್ರೆ ಚೇರೇ ಹೋಗಿ ಎಲ್ಲೋ ಕೂತ ಹಾಗೆ, ಕಂಫರ್ಟಬಲ್ ಟು ಸಿಟ್ ಆನ್, ನೈಸ್ ಟು ರೈಟ್ ವಿತ್, ಹಾರ್ಡ್ ಟು ವರ್ಕ್ ವಿತ್, ಕೊನೇಲಿ ಆ ಪುಟ್ಟ ಪದ ಒಂಟಿಯಾಗಿ ನಿಂತಿರಬೇಕು. ನಾನು ಮಾಡೋದೇನಂದ್ರೆ ಮೊದಲು ಮಾಮೂಲಿ ವಾಕ್ಯ ಹೇಳ್ಕೊಳ್ಳೋದು, ಐ ಸಿಟ್ ಆನ್ ದ ಚೇರ್, ಅಲ್ಲಿಂದ ಚೇರ್ ಎತ್ತಿ ಮುಂದೆ ಇಟ್ರೆ ಆನ್ ಅಲ್ಲೇ ಉಳಿಯುತ್ತೆ. ಹಾಗೇ ಎತ್ತಿದ ಮೇಲೆ ಆ ಜಾಗದಲ್ಲಿ ಮತ್ತೆ ಇಟ್ ತುಂಬಬಾರದು, ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್ ಇಟ್ ಅನ್ನೋದು ತಪ್ಪು.

ಟು ವಿಷಯ ಚಿಕ್ಕದಾಗಿ ಹೇಳ್ತೀನಿ. ಎರಡು ಥರ ಟು ಇದೆ. ಹ್ಯಾಪಿ ಟು ಹೆಲ್ಪ್‌ನಲ್ಲಿರೋದು ಕ್ರಿಯಾಪದದ ಟು, ಯೂಸ್ಡ್ ಟು ವರ್ಕಿಂಗ್ ಅಲೋನ್‌ನಲ್ಲಿರೋದು ಪ್ರೆಪೊಸಿಷನ್. ಟು ಆದ್ಮೇಲೆ ಇಟ್ ಹಾಕಿ ನೋಡೋದು. ಐ ಆಮ್ ಯೂಸ್ಡ್ ಟು ಇಟ್, ನಿಲ್ಲುತ್ತೆ, ಹಾಗಿದ್ರೆ ಕ್ರಿಯಾಪದಕ್ಕೆ ಇಂಗ್ ಸೇರಿಸ್ಬೇಕು. ಐ ಆಮ್ ಹ್ಯಾಪಿ ಟು ಇಟ್, ನಿಲ್ಲಲ್ಲ. ಅಕಸ್ಟಮ್ಡ್, ಒಪೋಸ್ಡ್, ಕಮಿಟೆಡ್ ಎಲ್ಲಕ್ಕೂ ಇದೇ ಪರೀಕ್ಷೆ. ಸುಪೀರಿಯರ್, ಸೀನಿಯರ್, ಪ್ರಯರ್ ಇವು ಲ್ಯಾಟಿನ್‌ನಿಂದ ಬಂದ ಪದಗಳು, ಇವಕ್ಕೂ ಟು ಬೇಕು, ದ್ಯಾನ್ ಅಲ್ಲ.

ಅನುಮಾನ ಬಂದ್ರೆ ಈಗ ವ್ಯಾಕರಣ ಪುಸ್ತಕ ತೆಗೆಯಲ್ಲ, ಕಾರ್ಪಸ್ ನೋಡ್ತೀನಿ, ಅಂದ್ರೆ ಜನ ನಿಜವಾಗಿ ಬರೆದ, ಆಡಿದ ವಾಕ್ಯಗಳನ್ನ ಹುಡುಕಿ ನೋಡೋಕಾಗೋ ದೊಡ್ಡ ಸಂಗ್ರಹ. ಕೋಕಾ ಅಂತ ಅಮೆರಿಕನ್ ಇಂಗ್ಲಿಷ್‌ದು ಒಂದಿದೆ, 1990ರಿಂದ 2019ರವರೆಗಿನ ನೂರು ಕೋಟಿಗೂ ಹೆಚ್ಚು ಪದಗಳ ಸಂಗ್ರಹ. ಇಂಟರೆಸ್ಟೆಡ್ ಟು ಅನ್ನೋದು ಪೂರ್ತಿ ತಪ್ಪು ಅಂತ ಯಾರೋ ಹೇಳಿದ್ರು, ಹುಡುಕಿ ನೋಡಿದ್ರೆ ಸಾಲು ಸಾಲು ಉದಾಹರಣೆ ಸಿಕ್ತು, ಆದ್ರೆ ಮುಂದೆ ಬರೋ ಕ್ರಿಯಾಪದ ನೋಡಿ, ನೋ, ಸೀ, ಹಿಯರ್, ಲರ್ನ್, ಅಂದ್ರೆ ಏನೋ ತಿಳ್ಕೊಳ್ಳೋ ಕುತೂಹಲ. ಡಾನ್ಸ್ ಮಾಡೋ ಆಸಕ್ತಿ, ಕೆಲಸ ಮಾಡೋ ಆಸಕ್ತಿ ಅಂದ್ರೆ ಇಂಟರೆಸ್ಟೆಡ್ ಇನ್ನೇ. ತಪ್ಪು ಅಂದವರೂ ಅರ್ಧ ಸರಿ. ಡಿಫರೆಂಟ್ ದ್ಯಾನ್ ಅಮೆರಿಕದಲ್ಲಿ, ಡಿಫರೆಂಟ್ ಟು ಬ್ರಿಟನ್‌ನಲ್ಲಿ, ಡಿಫರೆಂಟ್ ಫ್ರಮ್ ಎರಡೂ ಕಡೆ ಓಡುತ್ತೆ, ಹಾಗಾಗಿ ನಾನು ಕಣ್ಣು ಮುಚ್ಕೊಂಡು ಫ್ರಮ್ ಹಾಕ್ತೀನಿ.

ನೋಟ್‌ಬುಕ್ ಈಗ ಎರಡನೇದು ನಡೀತಿದೆ. ಹೋದ ವಾರ ಸೇರಿದ್ದು ಕೈಂಡ್: ಇಟ್ ಈಸ್ ಕೈಂಡ್ ಆಫ್ ಯು ಟು ಹೆಲ್ಪ್, ಫಾರ್ ಯು ಅಲ್ಲ, ಯಾಕಂದ್ರೆ ಒಳ್ಳೇತನ ಸಹಾಯದ್ದಲ್ಲ, ನಿಮ್ಮದು. ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲು ಇದೆ, ಆಂಗ್ರಿ ಆನ್, ನಿನ್ನೆ ಮತ್ತೆ ಬರೆದೆ.