ಕೆಜಿ ರೇಟ್ ಒಂದೇ ಇದ್ರೂ ಜಗಳ ಯಾಕೆ?

ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟ್ರು, ಅಂದ್ರೆ ತೂಕ, ಕೂಲಿ ಲೆಕ್ಕ ಬರೆಯೋ ಕೆಲ್ಸ. ಕುಯ್ಲಲ್ಲಿ ಕೂಲಿ ಕೆಜಿ ಲೆಕ್ಕ, ಎಲ್ರಿಗೂ ಒಂದೇ ರೇಟು, ಆದ್ರೂ ದಿನಾ ಸಂಜೆ ತೂಕದ ಹತ್ರ ಗಲಾಟೆ. ಇನ್ನೇನ್ ಅನ್ಯಾಯ ಆಯ್ತು ಇವ್ರಿಗೆ ಅಂತ ನಂಗೂ ಸಿಟ್ಟು ಬರ್ತಿತ್ತು.

ಕರೆಸ್ಪಾಂಡೆನ್ಸಲ್ಲಿ ಎಂಬಿಎ ಓದ್ವಾಗ ಆಡಮ್ಸ್ ಅನ್ನೋರ ಈಕ್ವಿಟಿ ಥಿಯರಿ ಸಿಕ್ತು, 1960ರ ದಶಕದ್ದು. ಜನ ಬರೀ ತಮ್ಮ ಕೂಲಿ ನೋಡಲ್ಲ, ನಾನು ದುಡಿದಿದ್ದೆಷ್ಟು ಸಿಕ್ಕಿದ್ದೆಷ್ಟು, ಪಕ್ಕದವ್ಳು ದುಡಿದಿದ್ದೆಷ್ಟು ಅವ್ಳಿಗೆ ಸಿಕ್ಕಿದ್ದೆಷ್ಟು ಅಂತ ತಾಳೆ ಹಾಕ್ತಾರೆ ಅಂತ. ಆಗ ತಲೆಗೆ ಹೋಯ್ತು, ಹಣ್ಣು ಗೊಂಚಲು ಗೊಂಚಲು ಇರೋ ತಗ್ಗಿನ ಸಾಲೆಲ್ಲ ಮೇಸ್ತ್ರಿ ಕಡೆಯೋರಿಗೆ, ಗುಡ್ಡದ ಮೇಲಿನ ಅಲ್ಲೊಂದು ಇಲ್ಲೊಂದು ಹಣ್ಣಿನ ಗಿಡ ಉಳಿದೋರಿಗೆ. ರೇಟ್ ಒಂದೇ ಇದ್ದು ಏನ್ ಬಂತು.

ಮಾರನೇ ದಿನದಿಂದ ಸಾಲಿಗೆ ಚೀಟಿ ಎತ್ತಿಸ್ದೆ. ಮೇಸ್ತ್ರಿ ಎರಡು ದಿನ ನನ್ ಹತ್ರ ಮಾತಾಡ್ಲಿಲ್ಲ. ತೂಕದ ಮಿಷನ್ ನಂಬರ್ ನನ್ನ ಕಡೆ ಕಾಣ್ತಿತ್ತು, ಅವ್ರ ಕಡೆ ತಿರುಗಿಸ್ದೆ. ಚೀಲಕ್ಕೆ ಅಂತ ಅಂದಾಜಲ್ಲಿ 1 ಕೆಜಿ ಮುರೀತಿದ್ವಿ, ಖಾಲಿ ಚೀಲ ಅವ್ರೆದುರೇ ತೂಗಿದ್ರೆ ಅರ್ಧ ಕೆಜಿನೂ ಇಲ್ಲ! ನಾಚ್ಕೆ ಆಯ್ತು. ಲೆವೆಂತಾಲ್ ಅನ್ನೋರು 1980ರಲ್ಲಿ ನ್ಯಾಯವಾದ ಪದ್ಧತಿಗೆ ಆರು ನಿಯಮ ಹೇಳಿದಾರೆ, ಪಕ್ಷಪಾತ ಇರ್ಬಾರ್ದು, ಮಾಹಿತಿ ಸರಿ ಇರ್ಬೇಕು ಅಂತೆಲ್ಲ, ಅದ್ರಲ್ಲಿ ನಂಗೆ ಕಷ್ಟ ಆಗಿದ್ದು ತಪ್ಪಾದ್ರೆ ತಿದ್ದೋದಕ್ಕೆ ದಾರಿ ಇರ್ಬೇಕು ಅನ್ನೋದು. ಬರೆದಿದ್ದನ್ನ ಎಲ್ರೆದುರು ಹೊಡೆದು ಹಾಕಿ ಮತ್ತೆ ಬರೆಯೋಕೆ ರೈಟ್ರಿಗೆ ಮನಸ್ಸೆಲ್ಲಿ ಬರತ್ತೆ ಹೇಳಿ.

ಆಮೇಲೊಂದ್ಸಲ ಬಟವಾಡೆ ಎರಡು ವಾರ ತಡ ಆಯ್ತು. ಗ್ರೀನ್‌ಬರ್ಗ್ ಅನ್ನೋ ಸಂಶೋಧಕರು 1990ರಲ್ಲಿ ಬರೆದಿದ್ದು ನೆನಪಾಯ್ತು, ಸ್ವಲ್ಪ ಕಾಲ 15% ಸಂಬಳ ಕಡಿತ ಮಾಡಿದ ಫ್ಯಾಕ್ಟ್ರಿಗಳಲ್ಲಿ ಕಾರಣ ಸರಿಯಾಗಿ, ಮರ್ಯಾದೆ ಕೊಟ್ಟು ಹೇಳಿದ ಕಡೆ ಕಳ್ಳತನ ಕಮ್ಮಿ ಇತ್ತಂತೆ. ಮೇಸ್ತ್ರಿ ಕೈಲಿ ಹೇಳಿ ಕಳ್ಸೋ ಬದ್ಲು ನಾನೇ ಕೂಲಿಯವ್ರು ಇರೋ ಲೈನ್ ಮನೆಗೆ ಹೋಗಿ ಹೇಳ್ದೆ. ಚೆನ್ನಾಗಿ ಬೈದ್ರು. ಬೆಳಿಗ್ಗೆ ಎಲ್ರೂ ಕೆಲ್ಸಕ್ಕೆ ಬಂದಿದ್ರು.

ಚೀಟಿನೂ ಪೂರ್ತಿ ಸರಿ ಇಲ್ಲ ಅನ್ನಿ. ವಯಸ್ಸಾದ ಒಬ್ಬ ಅಮ್ಮಂಗೆ ಮೂರು ದಿನ ಗುಡ್ಡನೇ ಬಂತು, ಪಾಪ ಮಂಡಿ ನೋವು ಬೇರೆ. ಈ ಸಲ ಗುಡ್ಡದ ಸಾಲಿಗೆ ದಿನಗೂಲಿ ಮಾಡಿದೀವಿ. ಮೇಸ್ತ್ರಿ ಗೊಣಗ್ತಾನೆ, "ಹಂಗಾದ್ರೆ ನಾಳೆಯಿಂದ ಎಲ್ರೂ ಗುಡ್ಡನೇ ಕೇಳ್ತಾರೆ ನೋಡಿ ರೈಟ್ರೇ."