ರೆಕ್ಕೆ ಬಿಡಿ, ಮುಂಗಾಲು ನೋಡಿ

ತೀರ್ಥಹಳ್ಳಿ ಕಡೆ ಹಲಸಿನ ಹಣ್ಣು ಕೊಳೆಯುವ ಕಾಲಕ್ಕೆ ಡ್ರೊಸೊಫಿಲಾ ಎಂಬ ಪುಟ್ಟ ಹಣ್ಣಿನ ನೊಣಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಬರುತ್ತವೆ. ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿಟ್ಟು, ಚಿಟಿಕೆ ಯೀಸ್ಟ್ ಉದುರಿಸಿ, ಅಡಿಕೆ ತೋಟದ ನೆರಳಿಗೆ ಕಟ್ಟಿದರೆ ಸಾಕು. ಸಾಕಣೆಗೆ ರವೆ, ಬೆಲ್ಲ, ಅಗರ್ ಕುದಿಸಿದ ಗಂಜಿ, ಜೊತೆಗೆ ಬೂಷ್ಟು ತಡೆಯಲು ಪ್ರೊಪಿಯಾನಿಕ್ ಆಮ್ಲ. ಮಳೆಗಾಲದಲ್ಲಿ ಆಮ್ಲಕ್ಕೆ ಜಿಪುಣತನ ಮಾಡಬಾರದು. ಚಪ್ಪಲಿಗೇ ಬೂಷ್ಟು ಹಿಡಿಯುವ ಊರು ನಮ್ಮದು, ಗಂಜಿ ಯಾವ ಲೆಕ್ಕ!

ತೋಟದಿಂದ ತಂದ ಹೆಣ್ಣು ಆಗಲೇ ಕೂಡಿರುತ್ತದೆ, ಹಾಗಾಗಿ ಗಂಡು ತನ್ನ ಪ್ರಭೇದದ ಹೆಣ್ಣನ್ನು ಹೇಗೆ ಗುರುತಿಸುತ್ತದೆಂದು ನೋಡುವ ನನ್ನ ಪ್ರಯೋಗಕ್ಕೆ ಅದರ ಮರಿಗಳೇ ಬೇಕು. ಕೂಡುವ ಮೊದಲೇ, ಗೂಡೊಡೆದ 8 ಗಂಟೆಯೊಳಗೆ ಹೆಣ್ಣನ್ನು ಬೇರೆ ಮಾಡುತ್ತೇನೆ. ಹೊಸದರ ಗುರುತು: ಬಿಳಿಚಿದ ಮೈ, ಹೊಟ್ಟೆಯಲ್ಲಿ ಕಪ್ಪು ಚುಕ್ಕೆ.

ಆಮೇಲೆ ಸಣ್ಣ ಶೀಶೆಯಲ್ಲಿ ಜೋಡಿ ಬಿಟ್ಟು ಕೂರುವುದು. ಮೆಲನೊಗ್ಯಾಸ್ಟರ್ ಎಂಬ ಪ್ರಭೇದದ ಗಂಡು ತನ್ನದೇ ಪ್ರಭೇದದ ಹೆಣ್ಣಿನತ್ತ ತಿರುಗಿ, ಮುಂಗಾಲಿನಿಂದ ಅದರ ಹೊಟ್ಟೆ ತಟ್ಟುತ್ತದೆ. ನಂತರ ಒಂದು ರೆಕ್ಕೆ ಚಾಚಿ ಕಂಪಿಸುತ್ತದೆ, ಅದೇ ಹಾಡು. ನೋಡುವವರ ಕಣ್ಣೆಲ್ಲ ರೆಕ್ಕೆಯ ಮೇಲೆ. ನನಗೆ ಮಾತ್ರ ಆ ತಟ್ಟುವುದೇ ಮುಖ್ಯ. ಮಲೆರ್‌ಕೋಟ್ಲಿಯಾನಾ ಎಂಬ ಬೇರೆ ಪ್ರಭೇದದ ಹೆಣ್ಣನ್ನು ಎದುರಿಗಿಟ್ಟರೆ ಅದೇ ಗಂಡು ಒಮ್ಮೆ ಮುಟ್ಟಿ, ಪಕ್ಕಕ್ಕೆ ಸರಿದು, ಮುಖ ಒರೆಸಿಕೊಳ್ಳುತ್ತಾ ನಿಲ್ಲುತ್ತದೆ. ಹಾಡೂ ಇಲ್ಲ, ಗೀಡೂ ಇಲ್ಲ.

ಕಾಲಿನ ತುದಿಯಲ್ಲಿ ರುಚಿ ಹಿಡಿಯುವ ನರಕೋಶಗಳಿವೆ. ಮುಂಗಾಲ ತುದಿ ಕತ್ತರಿಸಿದ ಗಂಡು ಬೇರೆ ಪ್ರಭೇದದ ಹೆಣ್ಣಿಗೂ ಹಾಡುತ್ತದೆಂದು 2013ರಲ್ಲಿ ತೋರಿಸಿದರು. ಬೇರೆ ಪ್ರಭೇದದತ್ತ ಹೋಗದಂತೆ ತಡೆಯಲು ಬೇಕಾದ, ರುಚಿ ಹಿಡಿಯುವ ಗ್ರಾಹಕದ (ರಿಸೆಪ್ಟರ್) ಜೀನ್ ಜಿಆರ್32ಎ. ಮೆಲನೊಗ್ಯಾಸ್ಟರ್ ಹೆಣ್ಣಿನ ಚರ್ಮದಲ್ಲಿ 7,11-ಹೆಪ್ಟಕೊಸಡೈಯೀನ್ ಎಂಬ ಮೇಣವಿದೆ, ಡೆಸಾಟ್-ಎಫ್ ಜೀನ್ ಅದಕ್ಕೆ ಕಾರಣ. ಹತ್ತಿರದ ಬಂಧು ಸಿಮ್ಯುಲನ್ಸ್ ಹೆಣ್ಣಿನಲ್ಲಿ ಅದಿಲ್ಲ. ಈ ಮೇಣ ಮೆಲನೊಗ್ಯಾಸ್ಟರ್ ಗಂಡನ್ನು ಕೆರಳಿಸುತ್ತದೆ, ಸಿಮ್ಯುಲನ್ಸ್ ಗಂಡನ್ನು ಹಿಮ್ಮೆಟ್ಟಿಸುತ್ತದೆ. 2018ರ ಸಂಶೋಧನೆಯ ಪ್ರಕಾರ ಎರಡರ ಕಾಲೂ ಅದನ್ನು ಗುರುತಿಸುತ್ತದೆ. ವ್ಯತ್ಯಾಸ ಇರುವುದು ಒಳಗೆ, ಆ ಸುದ್ದಿ ಗಂಡಿನ ಪ್ರಣಯವನ್ನು ಚಾಲೂ ಮಾಡುವ ಮಿದುಳಿನ ಪಿ1 ನರಕೋಶಗಳನ್ನು ತಲುಪುವ ದಾರಿಯಲ್ಲಿ: ಒಂದರಲ್ಲಿ ಪ್ರಚೋದನೆ ಮೇಲುಗೈ, ಇನ್ನೊಂದರಲ್ಲಿ ತಡೆ. ಆ ಜಾಲವನ್ನು ಕಟ್ಟುವುದರಲ್ಲಿ ಫ್ರೂಟ್‌ಲೆಸ್ ಜೀನಿನ ಪಾಲು ದೊಡ್ಡದು. ಅದರ ಗಂಡು ರೂಪವನ್ನು ಹೆಣ್ಣಿಗೆ ಕೊಟ್ಟಾಗ ಹೆಣ್ಣೇ ಹೆಣ್ಣಿನ ಹಿಂದೆ ಬಿದ್ದದ್ದು 2005ರ ಪ್ರಯೋಗ. ಹೀಗಿರುವಾಗ ‘ಪ್ರಣಯದ ಜೀನ್’ ಒಂದೇ ಒಂದು ಎಲ್ಲೋ ಕೂತಿದೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಹಳೇ ತಂತಿಯನ್ನೇ ಬೇರೆ ಕಡೆ ಜೋಡಿಸಿದರೂ ಹೊಸ ಪ್ರಭೇದದ ಬೇಲಿ ಏಳಬಹುದು.

ಹಾಗಾಗಿ ನನ್ನ ಪುಸ್ತಕದಲ್ಲಿ ಈಗ ಎರಡೇ ಅಂಕಣ: ಮುಟ್ಟಿದ ಹೊತ್ತು, ರೆಕ್ಕೆ ಎತ್ತಿದ ಅಥವಾ ಬೆನ್ನು ತಿರುಗಿಸಿದ ಹೊತ್ತು. ನೋಡುವ ದಿನ ಈಥರ್ ಕೊಡುವುದಿಲ್ಲ, ಮಂಪರಿನ ನೊಣ ಯಾರನ್ನೂ ತಟ್ಟುವುದಿಲ್ಲ. ತುದಿಗೆ ಬಟ್ಟೆ ಕಟ್ಟಿದ ರಬ್ಬರ್ ಕೊಳವೆಯಲ್ಲಿ ಉಸಿರೆಳೆದು ಒಂದೊಂದನ್ನೇ ಶೀಶೆಗೆ ಬಿಡುತ್ತೇನೆ.